ಸ್ಪಂಜಿನ ಸಾರ ಕೋಶ ಕೊಂದರೆ ಸಾಕಾ?

ಮೈಸೂರಿಗೆ ಸಮುದ್ರ ಇಲ್ಲ. ಆದರೂ ಮಾನಸಗಂಗೋತ್ರಿಯ ಲ್ಯಾಬ್‌ಗೆ ಕರಾವಳಿಯಿಂದ ಐಸ್ ಪೆಟ್ಟಿಗೆಯಲ್ಲಿ ಸ್ಪಂಜು ಎಂಬ ಕಡಲ ಜೀವಿ ಬರುತ್ತದೆ. ಕೆಲವೇ ದಿನಗಳಲ್ಲಿ ವಿದ್ಯಾರ್ಥಿ ಓಡಿಬರುತ್ತಾನೆ: "ಮೇಡಂ, ಸಾರ ಹಾಕಿದ್ರೆ ಕ್ಯಾನ್ಸರ್ ಕೋಶ ಎಲ್ಲಾ ಸತ್ತವು!" ನಾನು ಕೇಳುವುದು ಒಂದೇ: "ಉಪ್ಪು ತೆಗೆದಿದ್ದೀಯಾ?"

ಸ್ಪಂಜನ್ನು ಮೆಥನಾಲ್‌ನಲ್ಲಿ ನೆನೆಸಿದಾಗ ಸಮುದ್ರದ ಉಪ್ಪೂ ಜೊತೆಗೆ ಇಳಿಯುತ್ತದೆ. ಉಪ್ಪು ಜಾಸ್ತಿಯಾದರೆ ಯಾವ ಕೋಶವಾದರೂ ಸಾಯುತ್ತದೆ, ಅಲ್ವಾ? ಹಾಗಾಗಿ ಸಾರವನ್ನು ನೀರು ಮತ್ತು ಅದರಲ್ಲಿ ಸುಲಭವಾಗಿ ಬೆರೆಯದ ಈಥೈಲ್ ಅಸಿಟೇಟ್ ಎಂಬ ದ್ರಾವಕದ ನಡುವೆ ಕುಲುಕಬೇಕು. ಉಪ್ಪು ಕೆಳಗಿನ ನೀರಲ್ಲೇ ಉಳಿಯುತ್ತದೆ. ಮೇಲಿನ ಪದರವನ್ನು ಸಿಲಿಕಾ ಕಾಲಂಗೆ (ಸಿಲಿಕಾ ಪುಡಿ ತುಂಬಿದ ಕೊಳವೆಗೆ) ಹಾಕಿ, ಇಳಿದು ಬಂದ ಒಂದೊಂದು ಭಾಗವನ್ನೂ ಮತ್ತೆ ಕೋಶಗಳ ಮೇಲೆ ಪರೀಕ್ಷಿಸಬೇಕು. ಕೆಲಸ ಮಾಡಿದ ಭಾಗವನ್ನಷ್ಟೇ ಮುಂದಕ್ಕೆ ಒಡೆಯುತ್ತಾ ಹೋಗುವುದು. ಸುಮ್ನೆ ಕಾಣುವ ಈ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇಷ್ಟಾದ ಮೇಲೂ ಸಿಕ್ಕಿದ್ದು ಹಳೇ ಸಂಯುಕ್ತವೇ ಆಗಿರಬಹುದು. ಅದಕ್ಕೇ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಣುತೂಕ ನೋಡಿ ಸಮುದ್ರಜೀವಿಗಳ ಸಂಯುಕ್ತಗಳನ್ನು ಪಟ್ಟಿಮಾಡಿರುವ ಮರಿನ್‌ಲಿಟ್‌ನಂಥ ದತ್ತಾಂಶ ಸಂಗ್ರಹದಲ್ಲಿ ಮೊದಲೇ ಹುಡುಕಿ ಅಂತ ಒತ್ತಾಯಿಸುತ್ತೇನೆ. ತೂಕ ಹೊಂದಿದ ಮಾತ್ರಕ್ಕೆ ಅದೇ ಅಣು ಅನ್ನಬೇಡಿ. ಒಂದೇ ತೂಕದ ಅಣುಗಳಲ್ಲೂ ಪರಮಾಣುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾಗಿರಬಹುದು. ಅದನ್ನು ಬಿಡಿಸಿ ತೋರಿಸುವುದು ಎನ್‌ಎಂಆರ್, ಅಂದರೆ ಅಯಸ್ಕಾಂತ ಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಯುವ ವಿಧಾನ.

ಓಡಲಾಗದ, ಚಿಪ್ಪಿಲ್ಲದ ಸ್ಪಂಜಿಗೆ ರಾಸಾಯನಿಕವೇ ರಕ್ಷಣೆ. ಅದರಿಂದ ನಮಗೆ ದಕ್ಕಿದ್ದು ಕಡಿಮೆಯೇನಲ್ಲ. ಕೆರಿಬಿಯನ್ ಸ್ಪಂಜೊಂದರಲ್ಲಿ 1950ರ ಸುಮಾರಿಗೆ ವರ್ನರ್ ಬರ್ಗ್‌ಮನ್ ಕಂಡ ಸಂಯುಕ್ತಗಳೇ ರಕ್ತದ ಕ್ಯಾನ್ಸರ್ ಔಷಧಿ ಸೈಟರಬಿನ್‌ಗೆ ದಾರಿ ತೋರಿಸಿದವು. ಜಪಾನಿನಲ್ಲಿ 600 ಕೆಜಿ ಸ್ಪಂಜಿನಿಂದ ಸಿಕ್ಕ, ಕ್ಯಾನ್ಸರ್ ಕೋಶ ಕೊಲ್ಲುವ ಹ್ಯಾಲಿಕಾಂಡ್ರಿನ್ ಬಿ ಬರೀ 12.5 ಮಿಲಿಗ್ರಾಂ! ಸಮುದ್ರ ಬರಿದು ಮಾಡಿ ಔಷಧಿ ಮಾಡಲಾಗುವುದಿಲ್ಲ. ಆ ಅಣುವಿನ ಒಂದು ಭಾಗವನ್ನೇ ಲ್ಯಾಬ್‌ನಲ್ಲಿ ಕಟ್ಟಿದ್ದರಿಂದ ಎರಿಬುಲಿನ್ ಎಂಬ ಕ್ಯಾನ್ಸರ್ ಔಷಧಿ ಬಂತು. 2010ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಎಷ್ಟೋ ಸಲ ಅಣುವನ್ನು ತಯಾರಿಸುವುದು ನಾವು ಹಿಡಿದು ತಂದ ಕಡಲ ಜೀವಿಯೂ ಅಲ್ಲ, ಅದರೊಳಗಿನ ಬ್ಯಾಕ್ಟೀರಿಯಾ. ಸ್ಪಂಜಲ್ಲದ, ಸೀ ಸ್ಕ್ವರ್ಟ್ ಎಂಬ ಇನ್ನೊಂದು ಕಡಲ ಜೀವಿಯಲ್ಲಿ ಸಿಕ್ಕ ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಔಷಧಿಯ ಕಥೆ ಹೀಗೆಯೇ. ಆದ್ದರಿಂದ ಕರಾವಳಿಗೆ ಹೋಗುವ ನನ್ನ ವಿದ್ಯಾರ್ಥಿಗಳೇ, ಸ್ಪಂಜು ಪೂರ್ತಿ ಮೆಥನಾಲ್‌ಗೆ ಹಾಕಬೇಡಿ. ಒಂದು ತುಂಡನ್ನು ಎಥನಾಲ್‌ನಲ್ಲಿಟ್ಟು, ಜಾಗ, ಆಳ, ತಾರೀಖು ಬರೆದು ಅಂಟಿಸಿ. ಜಾತಿ ಗುರುತಿಸುವುದಕ್ಕೂ, ಒಳಗಿನ ಬ್ಯಾಕ್ಟೀರಿಯಾದ ಡಿಎನ್‌ಎ ನೋಡುವುದಕ್ಕೂ ಆ ತುಂಡೇ ಆಧಾರ.