ತರಚಿದ ಮೊಣಕಾಲು ಮತ್ತು ಮನೆಯಲ್ಲಿ ಉಳಿದ ಮುಲಾಮು

ಮಗು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದರೆ ಬಹಳಷ್ಟು ಮನೆಗಳಲ್ಲಿ ಮೊದಲು ಹುಡುಕುವುದು ಮುಲಾಮಿನ ಟ್ಯೂಬನ್ನು. ಸೋಫ್ರಾಮೈಸಿನ್ನೋ, ನಿಯೋಸ್ಪೋರಿನ್ನೋ, ಹೋದ ವರ್ಷ ಡಾಕ್ಟರು ಯಾವುದಕ್ಕೋ ಬರೆದುಕೊಟ್ಟು ಉಳಿದಿರುವ ಮ್ಯುಪಿರೋಸಿನ್ನೋ, ಕೈಗೆ ಸಿಕ್ಕಿದ್ದನ್ನು ಹಚ್ಚಿ ಮೇಲೊಂದು ಪಟ್ಟಿ ಅಂಟಿಸಿದರೆ ಮನಸ್ಸಿಗೆ ಸಮಾಧಾನ. ಆದರೆ ಗಾಯ ಕೀವಾಗದಂತೆ ನೋಡಿಕೊಳ್ಳುವ ಕೆಲಸದಲ್ಲಿ ಸಿಂಹಪಾಲು ನಲ್ಲಿಯ ನೀರಿನದು. ಮುಲಾಮಿನ ಪಾಲು ತೀರಾ ಚಿಕ್ಕದು, ಎಷ್ಟೋ ಸಲ ಸೊನ್ನೆ.

ರಕ್ತ ಒಸರುತ್ತಿದ್ದರೆ ಒಗೆದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ರಕ್ತ ನಿಂತ ಮೇಲೆ, ನಿಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಂಡು, ಗಾಯವನ್ನು ಹರಿಯುವ ನೀರಿನ ಕೆಳಗೆ ಕನಿಷ್ಠ ಐದು ನಿಮಿಷ ಹಿಡಿಯಬೇಕು. ಗಡಿಯಾರ ನೋಡಿಯೇ ಐದು ನಿಮಿಷ, ಏಕೆಂದರೆ ಅಳುವ ಮಗುವಿನ ಮುಂದೆ ಅರ್ಧ ನಿಮಿಷವೂ ಬಹಳ ಹೊತ್ತು ಅನಿಸುತ್ತದೆ. ಕುಡಿಯಲು ಯೋಗ್ಯವಾದ ನಲ್ಲಿ ನೀರು ಸಾಕು. ಅದರಿಂದ ತೊಳೆದ ಗಾಯಗಳು ಸಲೈನ್‌ನಿಂದ ತೊಳೆದವುಗಳಿಗಿಂತ ಹೆಚ್ಚು ಕೀವಾಗುವುದಿಲ್ಲ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಟ್ಯಾಂಕಿನ ನೀರಿನ ಮೇಲೆ ನಂಬಿಕೆ ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು ಬಳಸಿ. ಸೋಪು ಗಾಯದ ಸುತ್ತಲಿನ ಚರ್ಮಕ್ಕೆ ಸಾಕು.

ತರಚು ಗಾಯದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಮಣ್ಣು, ಜಲ್ಲಿಪುಡಿ, ಡಾಂಬರಿನ ಚೂರು. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಒಂದೆರಡು ತೂತು ಮಾಡಿ, ಬಾಟಲಿಯನ್ನು ಹಿಚುಕಿ ಚಿಮ್ಮಿಸಿದರೆ ನಲ್ಲಿಗೆ ಬಗ್ಗದ ಚೂರುಗಳೂ ಏಳುತ್ತವೆ. ಆಮೇಲೂ ಕೂತಿರುವುದನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಚಿಮಟದಿಂದ ತೆಗೆಯಬಹುದು, ಆಳಕ್ಕೆ ಹೋಗಿದ್ದರೆ ಆಸ್ಪತ್ರೆಯಲ್ಲೇ ತೆಗೆಸಬೇಕು. ಒಳಗೆ ಉಳಿದ ಒಂದು ಕಣವೂ ಬ್ಯಾಕ್ಟೀರಿಯಾಗಳಿಗೆ ಆಸರೆ. ಕೀವಾಗದಿದ್ದರೂ ಅದರ ಮೇಲೆ ಚರ್ಮ ಬೆಳೆದು, ಹಚ್ಚೆ ಹಾಕಿಸಿದಂತೆ ನೀಲಿಗಪ್ಪು ಕಲೆ ಶಾಶ್ವತವಾಗಿ ನಿಲ್ಲುತ್ತದೆ. ಕಾಫಿಪುಡಿ, ಅರಿಶಿನದ ಪುಡಿ ಒತ್ತುವುದು ಬೇಡವೆನ್ನುವುದೂ ಇದಕ್ಕೇ: ತೊಳೆದು ತೆಗೆದ ಕಣಗಳ ಜಾಗಕ್ಕೆ ಬೇರೆ ಕಣಗಳನ್ನು ತುಂಬಿದಂತಾಗುತ್ತದೆ. ಸ್ಪಿರಿಟ್, ನೀರು ಬೆರೆಸದ ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಇವೆಲ್ಲ ಬ್ಯಾಕ್ಟೀರಿಯಾ ಜೊತೆಗೆ ಗಾಯ ಮುಚ್ಚಲು ಬಂದ ಜೀವಕೋಶಗಳನ್ನೂ ಸುಡುತ್ತವೆ. ಪೆರಾಕ್ಸೈಡ್ ಹಾಕಿದಾಗ ಏಳುವ ನೊರೆ ಕೊಳೆ ಹೊರಬರುವುದರ ಗುರುತಲ್ಲ. ರಕ್ತದಲ್ಲೂ ಜೀವಕೋಶಗಳಲ್ಲೂ ಇರುವ ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ಒಡೆದಾಗ ಹೊಮ್ಮುವ ಆಮ್ಲಜನಕವದು.

ತೊಳೆದಾದ ಮೇಲೆ ಏನು ಹಚ್ಚಬೇಕು? "ಗಾಳಿಗೆ ಬಿಡು, ಒಣಗಲಿ" ಎಂಬ ಮಾತು ನಮ್ಮಲ್ಲಿ ಬೇರೂರಿದೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಮಾಡಿದ ಪ್ರಯೋಗ ಇದನ್ನು ತಲೆಕೆಳಗು ಮಾಡಿತು. ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ, ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಬೆಳೆದಿತ್ತು. ಹಕ್ಕಳೆ ಇದ್ದಲ್ಲಿ ಹೊಸ ಜೀವಕೋಶಗಳು ಅದರಡಿ ತೇವವಿರುವ ಪದರ ಹುಡುಕಿಕೊಂಡು, ತಗ್ಗಿನಲ್ಲಿ ಸುತ್ತಿ ಬರಬೇಕಾಗುತ್ತದೆ. ತೇವವಿದ್ದಲ್ಲಿ ಅವು ಮೇಲ್ಮೈಯ ಮೇಲೇ ಜಾರಿಕೊಂಡು ಬರುತ್ತವೆ.

ಆ ತೇವ ಉಳಿಸಲು ಬೇಕಾದದ್ದು ಜಿಡ್ಡು. ಅದಕ್ಕೆ ಆ್ಯಂಟಿಬಯೋಟಿಕ್ ಬೆರೆತಿರಬೇಕೇ? 1996ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಚರ್ಮದ ಸಣ್ಣ ಶಸ್ತ್ರಚಿಕಿತ್ಸೆಯಾದ ಸುಮಾರು 900 ಜನರಲ್ಲಿ ಅರ್ಧ ಜನಕ್ಕೆ ಬಾಸಿಟ್ರಾಸಿನ್ ಮುಲಾಮು, ಉಳಿದರ್ಧಕ್ಕೆ ಬಿಳಿ ಪೆಟ್ರೋಲಿಯಂ ಜೆಲ್ಲಿ. ಸೋಂಕಾದದ್ದು ಬಾಸಿಟ್ರಾಸಿನ್ ಗುಂಪಿನಲ್ಲಿ ಶೇ. 0.9, ಜೆಲ್ಲಿ ಗುಂಪಿನಲ್ಲಿ ಶೇ. 2. ಲೆಕ್ಕದ ದೃಷ್ಟಿಯಿಂದ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಬಾಸಿಟ್ರಾಸಿನ್ ಹಚ್ಚಿಕೊಂಡವರಲ್ಲಿ ನಾಲ್ವರಿಗೆ ಮುಲಾಮಿನಿಂದಲೇ ಅಲರ್ಜಿಯಾಯಿತು, ಜೆಲ್ಲಿ ಹಚ್ಚಿಕೊಂಡ ಒಬ್ಬರಿಗೂ ಆಗಲಿಲ್ಲ. ಹಾಗಾಗಿ ಚೆನ್ನಾಗಿ ತೊಳೆದ ತರಚು ಗಾಯಕ್ಕೆ ವ್ಯಾಸಲಿನ್ ಥರದ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಅಂಟಿಕೊಳ್ಳದ ಗಾಜ್ ಬಟ್ಟೆ ಇಟ್ಟು ಪಟ್ಟಿ ಹಾಕಿದರೆ ಸಾಕು. ದಿನಕ್ಕೊಮ್ಮೆ, ಅಥವಾ ಒದ್ದೆಯಾದಾಗ, ಬದಲಿಸಿ. ಎಲ್ಲರ ಬೆರಳೂ ಹೋಗುವ ಹಳೇ ಡಬ್ಬಿಗಿಂತ ಹೊಸ ಟ್ಯೂಬ್ ಒಳ್ಳೆಯದು.

ಬಾಸಿಟ್ರಾಸಿನ್ ಹುಟ್ಟಿದ್ದೇ ಒಂದು ಗಾಯದಲ್ಲಿ. 1943ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಕಾಲು ಮುರಿದುಕೊಂಡಿದ್ದ ಟ್ರೇಸಿ ಎಂಬ ಏಳು ವರ್ಷದ ಹುಡುಗಿಯ ಗಾಯದಲ್ಲಿ ಸಿಕ್ಕ ಬಾಸಿಲಸ್ ಬ್ಯಾಕ್ಟೀರಿಯಾ ಇತರ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಕಂಡುಬಂತು. ಬಾಸಿಲಸ್ಸೂ ಟ್ರೇಸಿಯೂ ಸೇರಿ ಆ ಹೆಸರಾಯಿತು. ನಿಯೋಸ್ಪೋರಿನ್‌ನಲ್ಲಿ ಇದರ ಜೊತೆಗೆ ಪಾಲಿಮಿಕ್ಸಿನ್ ಬಿ ಮತ್ತು ನಿಯೋಮೈಸಿನ್ ಇವೆ. ಸೋಫ್ರಾಮೈಸಿನ್ನಿನ ಫ್ರಾಮೈಸೆಟಿನ್ ಅಂದರೆ ನಿಯೋಮೈಸಿನ್ ಬಿ, ಅದೂ ಅದೇ ವಂಶದ್ದು. ಒಂದು ಒಗ್ಗದವರಿಗೆ ಸಾಮಾನ್ಯವಾಗಿ ಇನ್ನೊಂದೂ ಒಗ್ಗುವುದಿಲ್ಲ. ಇದು ತಿಳಿಯದೆ ಒಂದರಿಂದ ತುರಿಕೆಯಾಯಿತೆಂದು ಇನ್ನೊಂದಕ್ಕೆ ಬದಲಾಯಿಸುವವರು ಬಹಳ. ನಿಯೋಮೈಸಿನ್ ಎಷ್ಟು ಸಾಮಾನ್ಯ ಅಲರ್ಜಿಕಾರಕವೆಂದರೆ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದನ್ನು 2010ರ "ವರ್ಷದ ಅಲರ್ಜಿಕಾರಕ" ಎಂದು ಹೆಸರಿಸಿತು.

ಈ ಅಲರ್ಜಿ ಸೋಂಕಿನ ವೇಷದಲ್ಲಿ ಬರುತ್ತದೆ, ಮೋಸ ಹೋಗುವುದು ಇಲ್ಲೇ. ಮೊದಲ ಮೂರ್ನಾಲ್ಕು ದಿನ ಗಾಯ ಚೆನ್ನಾಗಿ ಮಾಯುತ್ತಿರುತ್ತದೆ. ಐದನೆಯ ದಿನದ ಹೊತ್ತಿಗೆ ಸುತ್ತಲಿನ ಚರ್ಮ ಕೆಂಪಾಗಿ, ಸಾಸಿವೆ ಕಾಳಿನಂಥ ನೀರುಗುಳ್ಳೆಗಳೆದ್ದು ಒಸರಲು ಶುರು. ಮನೆಯವರು ಸೋಂಕು ಹೆಚ್ಚಾಯಿತೆಂದು ಅದೇ ಮುಲಾಮನ್ನು ಇನ್ನೂ ದಪ್ಪಗೆ ಮೆತ್ತುತ್ತಾರೆ, ಅದು ಇನ್ನೂ ಹರಡುತ್ತದೆ. ವ್ಯತ್ಯಾಸ ಹಿಡಿಯುವುದು ಹೀಗೆ: ಸೋಂಕು ನೋಯುತ್ತದೆ, ಬಿಸಿಯಾಗಿರುತ್ತದೆ. ಅಲರ್ಜಿ ಎಲ್ಲಕ್ಕಿಂತ ಹೆಚ್ಚಾಗಿ ತುರಿಸುತ್ತದೆ, ಮುಲಾಮು ಸವರಿದ ಜಾಗದ ಆಕಾರದಲ್ಲೇ ಇರುತ್ತದೆ. ಪಟ್ಟಿಯ ಅಂಟಿನ ಗುರುತಿನಲ್ಲಿ ಚೌಕಾಕಾರವಾಗಿ ಕೆಂಪಾಗಿದ್ದರೆ ತಪ್ಪು ಅಂಟಿನದು. ಅಲರ್ಜಿಯಾದರೆ ಮುಲಾಮು ನಿಲ್ಲಿಸಿ, ಆ ಔಷಧದ ಹೆಸರನ್ನು ಬರೆದಿಟ್ಟುಕೊಂಡು ಮುಂದೆ ಪ್ರತಿ ಡಾಕ್ಟರಿಗೂ ಹೇಳಬೇಕು. ಕಣ್ಣು, ಕಿವಿಯ ಹನಿಗಳಲ್ಲೂ ಇದೇ ವಂಶದ ಔಷಧಗಳಿರುತ್ತವೆ. ದೊಡ್ಡ ಹಸಿಗಾಯದ ಮೇಲೆ ನಿಯೋಮೈಸಿನ್ ಬಳಿದರೆ ಅದು ರಕ್ತ ಸೇರಿ ಕಿವಿ, ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಇನ್ನು ಆ್ಯಂಟಿಬಯೋಟಿಕ್ ಪೌಡರ್: ಅದು ರಸದೊಡನೆ ಗಟ್ಟಿಯಾಗಿ ಕೂತು, ಅಡಿಯಲ್ಲಿ ಕೀವು ಕಟ್ಟಿದರೂ ಹೊರಗೆ ಕಾಣದಂತೆ ಮಾಡುತ್ತದೆ. ಮನೆಯಲ್ಲಿ ಅದರ ಅಗತ್ಯವಿಲ್ಲ.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಮಿಶ್ರಣದ ಕ್ರೀಮುಗಳು: ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ, ಸ್ಟೀರಾಯ್ಡ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಸೇರಿಸಿದವು. ಏನೇ ಆದರೂ ಯಾವುದಾದರೊಂದು ಕೆಲಸ ಮಾಡುತ್ತದೆ ಎಂಬ ಲೆಕ್ಕದಲ್ಲಿ ಇವು ಅಂಗಡಿಯಿಂದ ಮನೆಗೆ ಬರುತ್ತವೆ. ಸ್ಟೀರಾಯ್ಡ್ ಎರಡೇ ದಿನದಲ್ಲಿ ಕೆಂಪು, ತುರಿಕೆ ಇಳಿಸುತ್ತದೆ, ವಾಸಿಯಾಯಿತು ಅನಿಸುತ್ತದೆ. ಆದರೆ ಅದು ಇಳಿಸಿದ್ದು ಚರ್ಮದ ಪ್ರತಿರೋಧವನ್ನು. ಹುಳುಕಡ್ಡಿ ಇದ್ದರೆ ಅದು ಉಂಗುರದ ಆಕಾರ ಕಳೆದುಕೊಂಡು ಗುರುತೇ ಸಿಗದಂತೆ ತೊಡೆಸಂದಿಯಿಂದ ಹೊಟ್ಟೆಯವರೆಗೆ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಬಿರುಕಿನಂಥ ಗೆರೆ ಮೂಡುತ್ತದೆ, ಆ ಗೆರೆ ಹೋಗುವುದಿಲ್ಲ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೊಬೆಟಸೋಲ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್ ಇವುಗಳಲ್ಲಿ ಒಂದಿದ್ದರೂ ಅದು ಗಾಯದ ಮುಲಾಮಲ್ಲ.

ಯಾವ ಟ್ಯೂಬಿಗೂ ನಿಲುಕದ ಕೆಲವಿವೆ. ಕುರು ಎದ್ದು ಒಳಗೆ ಕೀವು ತುಂಬಿದರೆ ಮೇಲೆ ಸವರಿದ ಔಷಧ ಅಲ್ಲಿಗೆ ಇಳಿಯುವುದಿಲ್ಲ. ಬಿಸಿನೀರಿನ ಬಟ್ಟೆಯ ಶಾಖ ಕೊಡಬಹುದು, ಹಿಸುಕಬಾರದು, ದೊಡ್ಡದಾದರೆ ಡಾಕ್ಟರು ಕೊಯ್ದು ಕೀವು ತೆಗೆಯಬೇಕು. ಗಾಯದ ಸುತ್ತ ಕೆಂಪು ಹರಡುತ್ತಿದೆಯೇ ಎಂಬ ಅನುಮಾನವಿದ್ದರೆ ಬಾಲ್‌ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು ಗಂಟೆ ಬರೆದಿಡಿ. ಕೆಂಪು ಆ ಗೆರೆ ದಾಟಿದರೆ, ಜ್ವರ ಬಂದರೆ, ಕೆಂಪು ಎಳೆಯೊಂದು ಕೈಕಾಲಿನ ಉದ್ದಕ್ಕೆ ಏರತೊಡಗಿದರೆ ಅಂದೇ ಆಸ್ಪತ್ರೆಗೆ ಹೊರಡಬೇಕು. ಸಕ್ಕರೆ ಕಾಯಿಲೆಯವರ ಪಾದದ ಗಾಯ ಎಷ್ಟೇ ಚಿಕ್ಕದಿರಲಿ, ನೋವಿಲ್ಲದಿರಲಿ, ಮನೆಮದ್ದಿಗೆ ಬಿಡಬಾರದು. ನಾಯಿ ಕಚ್ಚಿದರೆ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆ ಶುರು ಮಾಡಿಸಬೇಕು. ಸುಟ್ಟರೆ 20 ನಿಮಿಷ ತಣ್ಣೀರು. ಧನುರ್ವಾಯುವಿನ ಇಂಜೆಕ್ಷನ್ ಪ್ರತಿ ಗಾಯಕ್ಕೂ ಬೇಕಿಲ್ಲ: ಚಿಕ್ಕಂದಿನ ಡೋಸುಗಳು ಪೂರ್ತಿಯಾಗಿದ್ದರೆ ಚೊಕ್ಕಟವಾದ ಸಣ್ಣ ಗಾಯಕ್ಕೆ ಕೊನೆಯ ಡೋಸಿನಿಂದ ಹತ್ತು ವರ್ಷ, ಮಣ್ಣು ಮೆತ್ತಿದ ಅಥವಾ ಆಳವಾದ ಗಾಯಕ್ಕೆ ಐದು ವರ್ಷ ಕಳೆದಿದ್ದರೆ ಒಂದು ಡೋಸ್.

ಹಾಗಾದರೆ ಆ್ಯಂಟಿಬಯೋಟಿಕ್ ಮುಲಾಮಿಗೆ ಎಲ್ಲಿ ಕೆಲಸ? ಮಕ್ಕಳ ಮೂಗು, ಬಾಯಿಯ ಸುತ್ತ ಗುಳ್ಳೆಗಳೆದ್ದು ಒಡೆದು, ಬೆಲ್ಲದ ಪಾಕ ಸೋರಿ ಒಣಗಿದಂತೆ ಹಳದಿ ಹಕ್ಕಳೆ ಕಟ್ಟುತ್ತದಲ್ಲ, ಅಲ್ಲಿ. ಜನ ಇದನ್ನೂ ಕಜ್ಜಿ ಎಂದೇ ಕರೆಯುತ್ತಾರೆ, ವೈದ್ಯರ ಹೆಸರು ಇಂಪೆಟೈಗೊ. ಸ್ಟೆಫಿಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಚರ್ಮದ ಮೇಲ್ಪದರದಲ್ಲೇ ಇರುವುದರಿಂದ ಮುಲಾಮು ಅವುಗಳ ಮೈಮೇಲೇ ಬೀಳುತ್ತದೆ. ನಾಲ್ಕೈದು ಹುಣ್ಣುಗಳಷ್ಟೇ ಇದ್ದರೆ ಡಾಕ್ಟರು ಸಾಮಾನ್ಯವಾಗಿ ಶೇ. 2ರ ಮ್ಯುಪಿರೋಸಿನ್ ಅಥವಾ ಫ್ಯೂಸಿಡಿಕ್ ಆಸಿಡ್ ಬರೆಯುತ್ತಾರೆ, ದಿನಕ್ಕೆ ಮೂರು ಸಲ, ಐದರಿಂದ ಏಳು ದಿನ. ಹುಣ್ಣು ಮೈತುಂಬ ಇದ್ದರೆ, ಜ್ವರವಿದ್ದರೆ ಬಾಯಿಯಿಂದ ತೆಗೆದುಕೊಳ್ಳುವ ಔಷಧವೇ ಬೇಕು.

ಹಚ್ಚುವ ಕ್ರಮದಲ್ಲೇ ಅರ್ಧ ಫಲವಿದೆ. ಹಕ್ಕಳೆಯ ಮೇಲೆ ಸವರಿದ ಮುಲಾಮು ಅಲ್ಲೇ ಉಳಿಯುತ್ತದೆ, ಕೆಳಗಿನ ಬ್ಯಾಕ್ಟೀರಿಯಾಗೆ ತಲುಪುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯನ್ನು ಐದ್ಹತ್ತು ನಿಮಿಷ ಇಟ್ಟು, ತಾನಾಗಿ ಸಡಿಲವಾದಷ್ಟು ಹಕ್ಕಳೆಯನ್ನು ಮಾತ್ರ ಒರೆಸಿ ತೆಗೆದು, ತೇವ ಆರಿಸಿ ಹಚ್ಚಬೇಕು. ಒಂದು ಹುಣ್ಣಿಗೆ ಹೆಸರುಕಾಳಿನಷ್ಟು ಸಾಕು. ಟ್ಯೂಬಿನ ಮೂತಿ ಹುಣ್ಣಿಗೆ ತಾಗಬಾರದು, ಮೊದಲು ಇಯರ್ ಬಡ್ಡಿನ ಮೇಲೆ ಹಿಂಡಿಕೊಳ್ಳಿ. ಮುಂಚೆ, ಆಮೇಲೆ ಎರಡೂ ಸಲ ಕೈ ತೊಳೆಯಿರಿ. ಮಗುವಿನ ಉಗುರು ಕತ್ತರಿಸಿ, ಟವೆಲ್ಲು, ದಿಂಬಿನ ಕವರು ಬೇರೆ ಮಾಡಿ. ಚಿಕಿತ್ಸೆ ಶುರುವಾಗಿ 48 ಗಂಟೆ ಕಳೆಯುವವರೆಗೆ, ಇಲ್ಲವೇ ಹುಣ್ಣುಗಳೆಲ್ಲ ಒಣಗುವವರೆಗೆ ಶಾಲೆ ಬೇಡ. ಮೂರರಿಂದ ಐದು ದಿನದಲ್ಲಿ ಏನೂ ಬದಲಾಗದಿದ್ದರೆ ಅದನ್ನೇ ಮುಂದುವರಿಸದೆ ಮತ್ತೆ ತೋರಿಸಿ. ಬೆರಳ ಸಂದಿಯಲ್ಲೂ ಗುಳ್ಳೆಗಳಿದ್ದು, ರಾತ್ರಿ ತುರಿಕೆ ಜಾಸ್ತಿಯಾಗಿ, ಮನೆಯ ಇತರರೂ ಕೆರೆದುಕೊಳ್ಳುತ್ತಿದ್ದರೆ ಮೂಲ ತುರಿಕಜ್ಜಿಯ ನುಸಿ. ಮನೆಮಂದಿಗೆಲ್ಲ ಅದರ ಚಿಕಿತ್ಸೆಯಾಗದೆ ಈ ಹುಣ್ಣು ಹೋಗುವುದಿಲ್ಲ.

ಕೆಲಸ ಮುಗಿದ ಮೇಲೆ ಉಳಿದ ಮ್ಯುಪಿರೋಸಿನ್ ಟ್ಯೂಬನ್ನು ಎಸೆಯಿರಿ, ಮುಂದಿನ ತರಚು ಗಾಯಕ್ಕೆಂದು ಎತ್ತಿಡಬೇಡಿ. ನ್ಯೂಜಿಲೆಂಡಿನಲ್ಲಿ 1990ರ ದಶಕದಲ್ಲಿ ಇದು ಚೀಟಿಯಿಲ್ಲದೆ ಸಿಗುತ್ತಿತ್ತು, ಜನ ಎಲ್ಲದಕ್ಕೂ ಹಚ್ಚಿದರು, ಇದಕ್ಕೆ ಬಗ್ಗದ ಸ್ಟೆಫಿಲೊಕಾಕಸ್ ಹೆಚ್ಚಿತು. ನಿರ್ಬಂಧ ಹಾಕಿದ ಮೇಲೆ ಬಳಕೆ ಫ್ಯೂಸಿಡಿಕ್ ಆಸಿಡ್ ಕಡೆ ತಿರುಗಿತು, ಆಗ ಅದಕ್ಕೂ ಬಗ್ಗದ ತಳಿಗಳು ಹಬ್ಬಿದವು. ಫ್ಯೂಸಿಡಿಕ್ ಆಸಿಡ್‌ನಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಗೆ ಒಂದೇ ಜೀನಿನಲ್ಲಿ ಒಂದೇ ಬದಲಾವಣೆ ಸಾಕು. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಮೂಗಿನೊಳಗಿನ ಸ್ಟೆಫಿಲೊಕಾಕಸ್ ತೆಗೆಯಲು ಆಸ್ಪತ್ರೆಗಳು ನಂಬಿರುವುದು ಮ್ಯುಪಿರೋಸಿನ್ನನ್ನೇ.

ಮಗುವಿನ ಹುಣ್ಣು ಒಣಗಿದ ಮೇಲೂ ಆರು ವಾರದವರೆಗೆ ಒಂದರ ಮೇಲೆ ಕಣ್ಣಿಡಿ. ಸ್ಟ್ರೆಪ್ಟೊಕಾಕಸ್‌ನಿಂದಾದ ಹುಣ್ಣಿನ ನಂತರ, ಅಪರೂಪಕ್ಕೆ, ದೇಹದ ಪ್ರತಿರೋಧವೇ ಮೂತ್ರಪಿಂಡದ ಸೋಸುಕಗಳಿಗೆ ಉರಿಯೂತ ತರುತ್ತದೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿದ್ದರೆ, ಮೂತ್ರ ಕಡಿಮೆಯಾಗಿ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಹೋಗುತ್ತಿದ್ದರೆ, ಆ ದಿನವೇ ಮಗುವಿನ ಮೂತ್ರ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ, ಇಂಥ ದಿನ ಚರ್ಮದ ಹುಣ್ಣು ಆಗಿತ್ತೆಂದು ಡಾಕ್ಟರಿಗೆ ಹೇಳಿ.