ಚಳಿಗಾಲದ ಬಿಸಿಲು ಮತ್ತು ಸೌಮ್ಯ ರೆಟಿನಾಯ್ಡ್‌ಗಳು

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣಗಳ ತೀವ್ರತೆ ಸರಿಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ತೆಳುಮೋಡವಾಗಲಿ ಮಂಜಾಗಲಿ ಅವನ್ನು ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಡಿಸೆಂಬರ್‌ನ ಕೊಯ್ಲಿನಲ್ಲಿ ಕಣದ ಮೇಲೆ ಕಾಫಿ ಹಣ್ಣು ಹರವುವವರಿಗೆ ಮೈಯೆಲ್ಲ ಚಳಿ ಹಿಡಿದಿದ್ದರೂ ಮುಖಕ್ಕೆ ಬಿಸಿಲಿನ ಪೆಟ್ಟು ಬೀಳುತ್ತಲೇ ಇರುತ್ತದೆ. ಸುಕ್ಕಿಗೆ ಕ್ರೀಮ್ ಹುಡುಕುವವರು ಮೊದಲು ಕೊಳ್ಳಬೇಕಾದದ್ದು ಸನ್‌ಸ್ಕ್ರೀನ್ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಇನ್ನು ಸುಕ್ಕಿನ ಕ್ರೀಮ್‌ಗಳಲ್ಲಿ ಬಳಸುವ ರೆಟಿನಾಯ್ಡ್‌ಗಳು; ಇವು ವಿಟಮಿನ್ ಎ ಕುಟುಂಬದ ರಾಸಾಯನಿಕಗಳು. ಅವುಗಳಲ್ಲೊಂದಾದ, ಮೊಡವೆಗೆ ಬಳಸುತ್ತಿದ್ದ ಟ್ರೆಟಿನಾಯಿನ್, ಬಿಸಿಲಿನಿಂದ ಹಾಳಾದ ಚರ್ಮವನ್ನೂ ಸುಧಾರಿಸುತ್ತದೆ ಎಂದು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಹೋದ್ಯೋಗಿಗಳು 1986ರಲ್ಲಿ ವರದಿ ಮಾಡಿದರು. ಟ್ರೆಟಿನಾಯಿನ್ ಎಂದರೆ ರೆಟಿನೋಯಿಕ್ ಆಮ್ಲವೇ. ಅದು ಜೀವಕೋಶದ ಕೇಂದ್ರದಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ತಯಾರಿಕೆಯನ್ನು ಹೆಚ್ಚಿಸಿ, ಅದನ್ನು ಒಡೆಯುವ ಕಿಣ್ವಗಳನ್ನು ತಗ್ಗಿಸುತ್ತದೆ. ರೆಟಿನಾಲ್ಡಿಹೈಡ್ ಚರ್ಮದೊಳಗೆ ಒಂದೇ ಹಂತದಲ್ಲಿ ಈ ಆಮ್ಲವಾಗುತ್ತದೆ, ರೆಟಿನಾಲ್‌ಗೆ ಎರಡು ಹಂತ ಬೇಕು, ರೆಟಿನೈಲ್ ಪಾಲ್ಮಿಟೇಟ್‌ಗೆ ಮೂರು. ಹಂತ ಹೆಚ್ಚಾದಷ್ಟೂ ಉರಿ ಕಡಿಮೆ, ಫಲವೂ ಕಡಿಮೆ. ‘ಸೌಮ್ಯ’ ಎಂಬ ಹಣೆಪಟ್ಟಿಯ ಹಿಂದಿರುವ ಲೆಕ್ಕ ಇಷ್ಟೇ. ರೆಟಿನಾಲ್‌ಗೆ ಬದಲಿ ಎಂದು ಮಾರುವ, ಬಾವಂಚಿ ಬೀಜದಿಂದ ಸಿಗುವ ಬಾಕುಚಿಯಾಲ್ ರೆಟಿನಾಯ್ಡ್ ಅಲ್ಲ, ಅದರ ಬಗೆಗಿನ ಅಧ್ಯಯನಗಳೂ ಇನ್ನೂ ಸಣ್ಣವು.

ಯುರೋಪಿನ ಒಕ್ಕೂಟ 2024ರಲ್ಲಿ ಮುಖದ ಕ್ರೀಮ್‌ಗಳಲ್ಲಿ ರೆಟಿನಾಲ್‌ಗೆ ಶೇ. 0.3ರ ಮಿತಿ ಹಾಕಿತು. ಹೊಸಬರಿಗೆ ಅದಕ್ಕಿಂತ ಕಡಿಮೆಯೇ ಸಾಕು: ವಾರಕ್ಕೆ ಎರಡು ರಾತ್ರಿ, ತೊಳೆದ ಮುಖ ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು. ಕೊಡಗಿನ ಚಳಿಗೆ ಚರ್ಮ ಮೊದಲೇ ಒಡೆದಿದ್ದರೆ ಕೆಳಗೊಂದು ಪದರ ಮಾಯಿಶ್ಚರೈಸರ್ ಹಚ್ಚಿಕೊಳ್ಳುವುದು ಒಳ್ಳೆಯದು. ಮೂಗಿನ ಪಕ್ಕ, ಬಾಯಿಯ ತುದಿಗಳಲ್ಲಿ ಸಿಪ್ಪೆ ಏಳತೊಡಗಿದರೆ ಕೆಲವು ರಾತ್ರಿ ಬಿಟ್ಟು, ಆಮೇಲೆ ಅಂತರ ಹೆಚ್ಚಿಸಬೇಕು. ರೆಟಿನಾಲ್ ಹಚ್ಚಿದ ರಾತ್ರಿ ಚರ್ಮದ ಮೇಲ್ಪದರ ಉದುರಿಸುವ ಗ್ಲೈಕೋಲಿಕ್ ಆಮ್ಲದಂಥವು ಬೇಡ. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ರೆಟಿನಾಯ್ಡ್‌ಗಳನ್ನು ಮುಟ್ಟದಿರುವುದೇ ಕ್ಷೇಮ.

ನನಗೆ ಹೆಚ್ಚು ಅಂಜಿಕೆಯಿರುವುದು ಔಷಧಿ ಅಂಗಡಿಗಳಲ್ಲಿ ಬಾಯಿಮಾತಿಗೇ ಸಿಗುವ ‘ಬಿಳುಪಿನ ಕ್ರೀಮ್’ಗಳ ಬಗ್ಗೆ. ಅಂಥ ಟ್ಯೂಬಿನ ಮೇಲೆ ಟ್ರೆಟಿನಾಯಿನ್ ಜೊತೆಗೆ ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಮೊಮೆಟಾಸೋನ್ ಎಂದಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ, ಮೊಮೆಟಾಸೋನ್ ಎಂಬುದೇ ಅದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ. ಬಹುಕಾಲ ಬಳಸಿದವರು ಥಟ್ಟನೆ ನಿಲ್ಲಿಸಿದರೆ ಮುಖ ಕೆಂಪೇರಿ ಉರಿಯಬಹುದಾದ್ದರಿಂದ, ಚರ್ಮವೈದ್ಯರಿಗೆ ಟ್ಯೂಬನ್ನೇ ತೋರಿಸಿ ಬಿಡುವ ಕ್ರಮವನ್ನು ಕೇಳಿಕೊಳ್ಳಬೇಕು.