ಕೂಗಿಗೆ ಓಗೊಡದವರ ಲೆಕ್ಕ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಒಂದು ಪ್ರಿಂಟರ್‌ಗೆ ದೆವ್ವ ಹಿಡಿದಿತ್ತು. ನಡುರಾತ್ರಿ ತಾನಾಗಿ ಎಚ್ಚೆತ್ತು, ತಲೆಬುಡವಿಲ್ಲದ ಅಕ್ಷರಗಳ ಹಾಳೆಗಳನ್ನು ಉಗುಳುತ್ತಿತ್ತು. ಆಯುಧಪೂಜೆಯ ಕುಂಕುಮ ಇನ್ನೂ ಮಾಸದಿದ್ದ ಆ ಯಂತ್ರಕ್ಕೆ ಯಾರೋ ನಿಂಬೆಹಣ್ಣನ್ನೂ ಕಟ್ಟಿದರು. ದೆವ್ವ ನಾನೇ. ನೆಟ್‌ವರ್ಕ್ ಮೇಲೆ ನಿಗಾ ಇಡುವ ತಂತ್ರಾಂಶವನ್ನು ಹೊಸದಾಗಿ ಹಾಕಿ, ರಾತ್ರಿ ಎರಡಕ್ಕೆ ಎಲ್ಲ ಸಾಧನಗಳನ್ನೂ ಹುಡುಕಿ ತೆರೆದ ಪೋರ್ಟ್‌ಗಳನ್ನೆಲ್ಲ (ಸಾಧನದ ಅಂಕಿ ಹಾಕಿದ ಬಾಗಿಲುಗಳು) ತಟ್ಟಿ ನೋಡು ಎಂದು ಅಪ್ಪಣೆ ಕೊಟ್ಟು ಮನೆಗೆ ಹೋಗಿದ್ದೆ. ಅನೇಕ ಪ್ರಿಂಟರ್‌ಗಳ 9100ನೆಯ ಪೋರ್ಟ್‌ಗೆ ತಿಳಿದಿರುವುದು ಒಂದೇ ಕಾಯಕ: ಬಂದದ್ದನ್ನು ಮುದ್ರಿಸುವುದು. 'ನೀನು ಯಾರು?' ಎಂದು ತಂತ್ರಾಂಶ ಕೇಳಿದ ಪ್ರಶ್ನೆಯನ್ನೇ ಅದು ಅಚ್ಚು ಹಾಕುತ್ತಿತ್ತು. ಹೀಗೆ ಜಾಲವನ್ನು ಸ್ಕ್ಯಾನ್ ಮಾಡುವವರೆಲ್ಲ ಬಲ್ಲ ಎನ್‌ಮ್ಯಾಪ್ ಎಂಬ ತಂತ್ರಾಂಶ, ಸೇವೆಗಳ ಗುರುತು ಹಿಡಿಯುವಾಗ 9100ರಿಂದ 9107ರವರೆಗಿನ ಪೋರ್ಟ್‌ಗಳನ್ನು ತಾನಾಗಿಯೇ ಬಿಟ್ಟುಬಿಡುವುದು ಇದೇ ಕಾರಣಕ್ಕೆ.

ನಿಂಬೆಹಣ್ಣು ಕಟ್ಟಿದವರನ್ನು ಕಂಡು ನಗುವುದು ಸುಲಭ. ಅದಕ್ಕಿಂತ ಗಟ್ಟಿಯಾದ ಮೂಢನಂಬಿಕೆಯೊಂದು ನಮ್ಮ ಎಂಜಿನಿಯರುಗಳ ತಲೆಯಲ್ಲಿ, ನನ್ನದನ್ನೂ ಸೇರಿಸಿ, ಬೇರುಬಿಟ್ಟಿತ್ತು: ಪಿಂಗ್‌ಗೆ, ಅಂದರೆ ಒಂದು ವಿಳಾಸಕ್ಕೆ 'ಇದ್ದೀಯಾ?' ಎಂದು ಕಳಿಸುವ ಪುಟ್ಟ ಸಂದೇಶಕ್ಕೆ, ಉತ್ತರ ಬಾರದಿದ್ದರೆ ಆ ವಿಳಾಸದಲ್ಲಿ ಯಾರೂ ಇಲ್ಲ.

ತಪ್ಪಿಗೆ ಆ ಹೆಸರೇ ಸ್ವಲ್ಪ ಕಾರಣ. 1983ರ ಡಿಸೆಂಬರ್‌ನಲ್ಲಿ, ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ ತಮ್ಮ ನೆಟ್‌ವರ್ಕ್ ಹದಗೆಟ್ಟದ್ದನ್ನು ನೋಡಿ, ಸುಮಾರು ಸಾವಿರ ಸಾಲುಗಳ ಪಿಂಗ್ ಎಂಬ ಪ್ರೋಗ್ರಾಂ ಬರೆದರು. ಅದು ಓಡುವ ಹೊತ್ತಿಗೆ ಕೆಟ್ಟ ಯಂತ್ರ ರಿಪೇರಿಯಾಗಿ, ಅದರ ಅಗತ್ಯವೇ ಬೀಳಲಿಲ್ಲ! ಇಷ್ಟು ಹೆಸರಾಗುತ್ತದೆಂದು ಗೊತ್ತಿದ್ದರೆ ಇನ್ನೊಂದೆರಡು ದಿನ ಕೂತು ಮತ್ತಷ್ಟು ಸೌಲಭ್ಯ ಸೇರಿಸುತ್ತಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ. ಪಿಂಗ್ ಎಂಬುದು ಯಾವ ಉದ್ದ ಹೆಸರಿನ ಮೊದಲಕ್ಷರಗಳೂ ಅಲ್ಲ. ಸದ್ದು ಕಳಿಸಿ, ಮರಳುವ ಮಾರ್ದನಿಯಿಂದ ಜಲಾಂತರ್ಗಾಮಿಯನ್ನು ಹುಡುಕುವ ಸೋನಾರ್‌ನ ಸದ್ದು.

ಹೋಲಿಕೆ ಚೆಂದವಾಗಿದೆ, ಆದರೆ ಅರ್ಧಕ್ಕೇ ಮುರಿದುಬೀಳುತ್ತದೆ. ಉಕ್ಕಿನ ಒಡಲಿದ್ದ ಮೇಲೆ ಸದ್ದು ಮರಳಲೇಬೇಕು. ಒಳಗಿರುವ ಕಪ್ತಾನನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಬೆಟ್ಟದ ಎದುರು ನಿಂತು ಕೂಗಿದರೆ ಬೆಟ್ಟಕ್ಕೆ ಮನಸ್ಸಿರಲಿ ಬಿಡಲಿ ಮಾರ್ದನಿ ಬರುತ್ತದೆ. ಪಿಂಗ್ ಎಂದರೆ ಒಂದು ಮನೆಯ ಮುಂದೆ ನಿಂತು ಕೂಗಿದಂತೆ. ಒಳಗಿರುವವರು 'ಓ' ಎನ್ನುವುದು ಅವರ ಸೌಜನ್ಯ. ಒಳಬರುವುದನ್ನು ತಡೆಯುವ ಫೈರ್‌ವಾಲ್ ಬೇಡವೆಂದರೆ ಕಂಪ್ಯೂಟರ್ ತೆಪ್ಪಗಿರುತ್ತದೆ, ಹಾಜರಿ ಕೂಗುವಾಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗನ ಹಾಗೆ. ಮೇಷ್ಟ್ರು 'ಗೈರು' ಎಂದು ಬರೆದುಕೊಳ್ಳುತ್ತಾರೆ. ಹುಡುಗ ಅಲ್ಲೇ ಇರುತ್ತಾನೆ.

ಜನಗಣತಿಗೆ ಬಂದವರು ಬೀಗ ಹಾಕಿದ ಮನೆ ಕಂಡರೆ ಪಕ್ಕದ ಮನೆಯವರನ್ನು ಕೇಳುತ್ತಾರೆ. ನೆಟ್‌ವರ್ಕ್‌ನಲ್ಲೂ ಅಂಥ ನೆರೆಮನೆಯವರಿದ್ದಾರೆ. ಡೇವಿಡ್ ಪ್ಲಮ್ಮರ್ 1982ರಲ್ಲಿ ವಿವರಿಸಿದ ಎಆರ್‌ಪಿ ಎಂಬ ನಿಯಮಾವಳಿಯೇ ಇದರ ಜೀವಾಳ. ಒಂದೇ ಸ್ವಿಚ್ಚಿನ ಕೆಳಗಿರುವ ಯಂತ್ರಗಳು ಮಾತಾಡುವ ಮೊದಲು 'ಈ ಐಪಿ ವಿಳಾಸ (ಜಾಲದಲ್ಲಿ ಯಂತ್ರಕ್ಕೆ ಸಿಕ್ಕ ಸಂಖ್ಯೆ) ಯಾರದು?' ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತವೆ. ವಾರಸುದಾರ ತನ್ನ ಮ್ಯಾಕ್ ವಿಳಾಸ, ಅಂದರೆ ತನ್ನ ಯಂತ್ರಾಂಶದ ಗುರುತಿನ ಸಂಖ್ಯೆ, ಹೇಳುತ್ತಾನೆ. ಇದಕ್ಕೂ ಬಾಯಿ ಬಿಡದಿದ್ದರೆ ಸಾಮಾನ್ಯವಾಗಿ ಅವನಿಗೆ ದತ್ತಾಂಶದ ಒಂದು ಪ್ಯಾಕೆಟ್ಟೂ ತಲುಪುವುದಿಲ್ಲ. ಪಿಂಗ್‌ಗೆ ಮೌನವ್ರತ ಹಿಡಿದವನೂ ಇಲ್ಲಿ ವ್ರತ ಮುರಿಯಲೇಬೇಕು. ಸೋನಾರ್‌ಗೆ ನಿಜವಾದ ಸಾಟಿ ಇದು.

ಈ ಕೂಗು ರೂಟರ್ ದಾಟಿ ಆಚೆ ಹೋಗುವುದಿಲ್ಲ ಎಂಬುದೊಂದು ತೊಡಕು. ಆದರೆ ರೂಟರ್ ತಾನು ಕೇಳಿಸಿಕೊಂಡ ಉತ್ತರಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಕೆಲಹೊತ್ತು ಇಟ್ಟುಕೊಂಡಿರುತ್ತದೆ. ಸಾಧನಗಳ ಸ್ಥಿತಿಗತಿ ವಿಚಾರಿಸುವ ಎಸ್‌ಎನ್‌ಎಂಪಿ ಎಂಬ ನಿಯಮಾವಳಿಯ ಮೂಲಕ ಆ ಪಟ್ಟಿಯನ್ನು ಕೇಳಿ ಪಡೆಯಬಹುದು. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಸ್ಕ್ಯಾನ್ ಹೊಂದಿಸುವಾಗ ಮೊದಲು ತುಂಬಬೇಕಾದದ್ದು ರೂಟರುಗಳನ್ನು ಮಾತಾಡಿಸುವ ಗುಟ್ಟುಪದ. ವಿಳಾಸಗಳ ವ್ಯಾಪ್ತಿ ಆಮೇಲೆ. (ಆ ಗುಟ್ಟುಪದ ಇಂದಿಗೂ ಎಷ್ಟೋ ಕಡೆ 'ಪಬ್ಲಿಕ್' ಎಂದೇ ಇರುತ್ತದೆ. ಮನೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ.)

ವ್ಯಾಪ್ತಿಯ ವಿಷಯದಲ್ಲಿ ದುರಾಸೆ ಬೇಡ. ಇರುವವರು ಮಿಲಿಸೆಕೆಂಡುಗಳಲ್ಲಿ ಉತ್ತರಿಸುತ್ತಾರೆ. ಹೊತ್ತು ತಿನ್ನುವವರು ಇಲ್ಲದವರು. ಒಂದು ಸೆಕೆಂಡು ಕಾದು ಮೂರು ಬಾರಿ ಕೂಗುವುದೆಂದು ಹೊಂದಿಸಿದರೆ, ಪ್ರತಿ ಖಾಲಿ ವಿಳಾಸಕ್ಕೂ ಮೂರು ಸೆಕೆಂಡು ದಂಡ. 254 ವಿಳಾಸಗಳ ಸಣ್ಣ ಜಾಲವೊಂದು ಪೂರ್ತಿ ಖಾಲಿಯಿದ್ದರೂ ಹದಿಮೂರು ನಿಮಿಷದೊಳಗೆ ಮುಗಿಯುತ್ತದೆ. 'ಇರಲಿ, ಎಲ್ಲವನ್ನೂ ನೋಡಿಬಿಡೋಣ' ಎಂದು 65,536 ವಿಳಾಸಗಳನ್ನು ಬರೆದರೆ, ಒಂದೊಂದಾಗಿ ತಟ್ಟುವಾಗ 54 ಗಂಟೆ ಮೀರುತ್ತದೆ. ಏಕಕಾಲಕ್ಕೆ ಐವತ್ತು ಬಾಗಿಲು ತಟ್ಟಿದರೂ ಒಂದು ಗಂಟೆಗೂ ಹೆಚ್ಚು. ಗಂಟೆಗೊಮ್ಮೆ ಸ್ಕ್ಯಾನ್ ಇಟ್ಟವರಿಗೆ ಹಿಂದಿನ ಸುತ್ತು ಮುಗಿಯುವ ಮೊದಲೇ ಮುಂದಿನ ಸುತ್ತಿನ ಹೊತ್ತಾಗಿರುತ್ತದೆ. ಐಪಿ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6ರಲ್ಲಂತೂ ಒಂದು ಸಾಮಾನ್ಯ ಜಾಲಕ್ಕೇ 2ರ 64ನೆಯ ಘಾತದಷ್ಟು ವಿಳಾಸ. ಸೆಕೆಂಡಿಗೆ ಹತ್ತು ಲಕ್ಷ ಬಾಗಿಲು ತಟ್ಟಿದರೂ ಐದೂಮುಕ್ಕಾಲು ಲಕ್ಷ ವರ್ಷ ಸಾಲದು. ಅಲ್ಲಿ ನೆರೆಮನೆಯವರನ್ನು ವಿಚಾರಿಸದೆ ಗತಿಯಿಲ್ಲ.

ಸಿಕ್ಕಿದ ಸಾಧನವನ್ನು ಐಪಿ ವಿಳಾಸದಿಂದ ಗುರುತಿಸಬೇಕೇ, ಮ್ಯಾಕ್‌ನಿಂದಲೇ ಎಂಬ ಪ್ರಶ್ನೆಯೂ ಇದೆ. ಐಪಿಯನ್ನು ನಂಬಿದರೆ, ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆ ಇಂದು ಒಂದು, ನಾಳೆ ಇನ್ನೊಂದು ವಿಳಾಸ ಕೊಟ್ಟಾಗ ಒಂದೇ ಲ್ಯಾಪ್‌ಟಾಪ್ ಎರಡೆರಡು ಬಾರಿ ಪಟ್ಟಿಗೆ ಸೇರುತ್ತದೆ. ಮ್ಯಾಕ್ ವಾಸಿ, ಆದರೆ ಈಗಿನ ಮೊಬೈಲ್‌ಗಳು ಬೇರೆ ಬೇರೆ ವೈಫೈ ಜಾಲಗಳಿಗೆ ಬೇರೆ ಬೇರೆ ಹುಸಿ ಮ್ಯಾಕ್ ತೋರಿಸುತ್ತವೆ. ಸರ್ವರ್, ಸ್ವಿಚ್ಚುಗಳಿಗೆ ಇವೆರಡನ್ನೂ ಬಿಟ್ಟು ಎಸ್‌ಎನ್‌ಎಂಪಿ ಹೇಳುವ ಹೆಸರನ್ನೇ ಹಿಡಿಯುವುದು ನನ್ನ ರೂಢಿ.

ಆ ಕಚೇರಿಯಲ್ಲಿ ಕೊನೆಗೆ 9100ನ್ನು ಬಿಟ್ಟು, ರೂಟರ್‌ನ ಪಟ್ಟಿಯನ್ನು ಸೇರಿಸಿ, ಸ್ಕ್ಯಾನನ್ನು ಹೊಸದಾಗಿ ಹೊಂದಿಸಿದೆ. ಪ್ರಿಂಟರ್ ರಾತ್ರಿ ಮಲಗಿತು. ಕೀರ್ತಿ ನಿಂಬೆಹಣ್ಣಿಗೆ ಹೋಯಿತು. ಪಟ್ಟಿಯಲ್ಲಿ ಅದುವರೆಗೆ ಕಾಣದಿದ್ದ ಕೆಲವು ಸಾಧನಗಳು ಬಂದವು. ಅವುಗಳಲ್ಲೊಂದು ಎಷ್ಟು ಪಿಂಗ್ ಮಾಡಿದರೂ ಉಸಿರೆತ್ತುತ್ತಿರಲಿಲ್ಲ. ಕೇಬಲ್ ಹಿಡಿದುಕೊಂಡು ಹೋಗಿ ನೋಡಿದರೆ, ನಾವೆಲ್ಲರೂ ದಿನಕ್ಕೆರಡು ಸಲ ಹೆಬ್ಬೆರಳು ಒತ್ತುತ್ತಿದ್ದ, ಬಾಗಿಲ ಬಳಿಯ ಹಾಜರಿ ಯಂತ್ರ.